ಹಡಗಿನ ಲೆಕ್ಕದಲ್ಲಿ ಕಾಲವಿಭಾಗ: ನೌಕೋದ್ಯಮದ ಹಣಕಾಸು ಮತ್ತು ಪರಿಶೋಧನೆ

ತಾಂಡೂರಿನ ಮಾರುಕಟ್ಟೆಯಲ್ಲಿ ತೊಗರಿಯ ಧಾರಣೆಯನ್ನು ನಿರ್ಣಯಿಸುವ ಸಂಗತಿಗಳಲ್ಲಿ ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್ ದೇಶಗಳಿಂದ ಸಮುದ್ರಮಾರ್ಗವಾಗಿ ಬಂದಿಳಿಯುವ ತೊಗರಿಯ ಬೆಲೆಯೂ ಒಂದು. ಆ ಬೆಲೆಯೊಳಗೆ ಹಡಗಿನ ಬಾಡಿಗೆ ಅಂತರ್ಗತವಾಗಿದೆ. ಮೊಜಾಂಬಿಕ್ ದೇಶದೊಡನೆ 2016ರಲ್ಲಿ ತೊಗರಿಯ ಆಮದಿಗಾಗಿ ಒಪ್ಪಂದವಾದ ಮೇಲಂತೂ ಈ ಸಂಬಂಧ ಇನ್ನಷ್ಟು ಗಟ್ಟಿಯಾಯಿತು. 1956ರವರೆಗೆ ಬೀದರ ಜಿಲ್ಲೆಗೆ ಸೇರಿದ್ದ ಜಹೀರಾಬಾದ್, ನಾರಾಯಣಖೇಡಗಳ ಸೀಮೆಯಲ್ಲಿ, ರಾಯಿಕೋಡಿನಂಥ ಊರಿನಲ್ಲಿ, ಮಂಜೀರೆಗೆ ಕಟ್ಟಿದ ಸಿಂಗೂರು ಜಲಾಶಯಕ್ಕಿಂತ ದೊಡ್ಡ ನೀರನ್ನು ಕಾಣದ ಕೃಷಿಕನೂ ಹೀಗೆ ಪರೋಕ್ಷವಾಗಿ ನೌಕೋದ್ಯಮದ ಲೆಕ್ಕದೊಳಗೆ ಸೇರಿಕೊಂಡಿದ್ದಾನೆ. ಆ ಲೆಕ್ಕ ಹೇಗೆ ಬರೆಯಲ್ಪಡುತ್ತದೆ, ಅದನ್ನು ಪರಿಶೋಧಕನು ಯಾವ ಆಧಾರದ ಮೇಲೆ ಒಪ್ಪುತ್ತಾನೆ ಎಂಬುದೇ ಪ್ರಸ್ತುತ ವಿಚಾರ.

ಹಡಗಿನ ವ್ಯವಹಾರದಲ್ಲಿ ಹಣದ ಅಪಹಾರಕ್ಕಿಂತ ಕಾಲದ ವಿಭಜನೆಯೇ ಪರಿಶೋಧಕನನ್ನು ಹೆಚ್ಚು ಕಾಡತಕ್ಕ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ಅಂಗಡಿಯ ಸರಕನ್ನು ಮಾರ್ಚ್ 31ರ ಸಂಜೆ ಎಣಿಸಿ ಕೀರ್ದಿಯನ್ನು ಮುಗಿಸಬಹುದು; ಹಡಗಾದರೋ ಆ ಸಂಜೆ ನಡುಗಡಲಿನಲ್ಲಿರುತ್ತದೆ. ದಕ್ಷಿಣ ಆಫ್ರಿಕೆಯ ರಿಚರ್ಡ್ಸ್ ಬೇಯಲ್ಲಿ ಕಲ್ಲಿದ್ದಲು ಹೇರಿಕೊಂಡು ಪಣಂಬೂರಿನ ನವಮಂಗಳೂರು ಬಂದರಿಗೆ ಹದಿನಾರು ದಿನಗಳಲ್ಲಿ ತಲುಪಬೇಕಾದ ನೌಕೆಯೊಂದು ಮಾರ್ಚ್ 22ರಂದು ಹೊರಟಿತೆಂದೂ ಅದರ ಬಾಡಿಗೆ ಎಂಟು ಕೋಟಿ ರೂಪಾಯಿಯೆಂದೂ ಕಲ್ಪಿಸಿಕೊಳ್ಳೋಣ. ವರ್ಷಾಂತ್ಯಕ್ಕೆ ಹತ್ತು ದಿನಗಳ ಪ್ರಯಾಣ ಸಂದಿರುವುದರಿಂದ ಐದು ಕೋಟಿ ಈ ವರ್ಷದ ಆದಾಯ, ಉಳಿದ ಮೂರು ಕೋಟಿ ಮುಂದಿನ ವರ್ಷದ್ದು. ಹಿಂದೆ ಅನೇಕ ಕಂಪೆನಿಗಳು ಮುಗಿಯದ ಪ್ರಯಾಣದ ಬಾಡಿಗೆಯನ್ನೂ ಖರ್ಚನ್ನೂ ಇಡಿಯಾಗಿ ಮುಂದಿನ ವರ್ಷಕ್ಕೆ ಒಯ್ಯುತ್ತಿದ್ದವು. ಈಗಿನ ಲೆಕ್ಕಮಾನದಂಡಗಳು ಸರಕು ಹೇರಿದಂದಿನಿಂದ ಇಳಿಸುವವರೆಗಿನ ಅವಧಿಗೆ ಅದನ್ನು ಹಂಚಬೇಕೆಂದು ವಿಧಿಸುತ್ತವೆ.

ಆ ಹತ್ತು ದಿನಗಳೆಂಬುದಕ್ಕೆ ಸಾಕ್ಷಿ ಯಾವುದು? ಕಪ್ತಾನನು ಪ್ರತಿದಿನ ಮಧ್ಯಾಹ್ನ ಕಳುಹಿಸುವ ವರದಿಯಲ್ಲಿ ಹಡಗಿರುವ ಅಕ್ಷಾಂಶ ರೇಖಾಂಶ, ಕ್ರಮಿಸಿದ ದೂರ, ಉಳಿದಿರುವ ಬಂಕರ್ ಎಣ್ಣೆಯ ಪ್ರಮಾಣ ಇವೆಲ್ಲ ನಮೂದಾಗಿರುತ್ತವೆ. ಪರಿಶೋಧಕನು ಈ ವರದಿಯನ್ನು ಸರಕಿನ ಬಿಲ್ ಆಫ್ ಲೇಡಿಂಗ್ ಪತ್ರದೊಡನೆಯೂ ಬಾಡಿಗೆಯ ಕರಾರಿನೊಡನೆಯೂ ತಾಳೆನೋಡುತ್ತಾನೆ. ಎಣ್ಣೆಯ ದಾಸ್ತಾನು ದೊಡ್ಡ ಮೊತ್ತದ್ದು. ಆದರೆ ಅದನ್ನು ಅಳೆದವರು ಹಡಗಿನವರೇ, ಅಳೆದದ್ದು ಮಧ್ಯಾಹ್ನ, ಲೆಕ್ಕ ಮುಗಿಯುವುದು ನಡುರಾತ್ರಿಗೆ. ನಡುವಿನ ಹನ್ನೆರಡು ಗಂಟೆಗಳಲ್ಲಿ ಎಂಜಿನ್ ಸುಟ್ಟ ಎಣ್ಣೆಯನ್ನು ದಿನದ ಸರಾಸರಿಯಿಂದ ಕಳೆಯಬೇಕು. ಇನ್ನು ಬಂದರಿನಲ್ಲಿ ಕರಾರಿಗಿಂತ ಹೆಚ್ಚು ಕಾಲ ನಿಂತುದಕ್ಕೆ ಬರಬೇಕಾದ ಡೆಮರೇಜ್ ಹಣದ ವಿಷಯ ಮತ್ತೂ ತೊಡಕಿನದು: ಮಳೆ ಬಂದ ಗಂಟೆಗಳು ಎಣಿಕೆಗೆ ಸೇರುತ್ತವೆಯೋ ಇಲ್ಲವೋ ಎಂಬ ವಾದವೇ ತಿಂಗಳುಗಟ್ಟಲೆ ನಡೆಯುತ್ತದೆ, ಅಷ್ಟರಲ್ಲಿ ಪರಿಶೋಧಕನು ಒಂದು ಅಂದಾಜಿಗೆ ಸಹಿ ಹಾಕಿರುತ್ತಾನೆ.

ಆಸ್ತಿಯ ಕಡೆಗೂ ಕಾಲವೇ ಮಾನದಂಡ. 2013ರ ಕಂಪೆನಿ ಕಾಯಿದೆಯ ಎರಡನೆಯ ಅನುಸೂಚಿ ಬಿಡಿಸರಕಿನ ಹಡಗಿಗೆ 25 ವರ್ಷ, ಕಚ್ಚಾತೈಲದ ಟ್ಯಾಂಕರಿಗೆ 20 ವರ್ಷ, ದ್ರವೀಕೃತ ಅನಿಲದ ನೌಕೆಗೆ 30 ವರ್ಷ ಆಯುಷ್ಯವನ್ನು ಸೂಚಿಸಿ, ಅದರಂತೆ ಸವಕಳಿ ಕಳೆಯಲು ಹೇಳುತ್ತದೆ. ಆದರೆ ಹಡಗನ್ನು ನಿಯತಕಾಲದಲ್ಲಿ ಡ್ರೈಡಾಕಿಗೆ ಏರಿಸಿ ತಳವನ್ನು ಪರೀಕ್ಷಿಸಲೇಬೇಕು. ಆ ವೆಚ್ಚವನ್ನು ಪ್ರತ್ಯೇಕ ಅಂಗವೆಂದು ಭಾವಿಸಿ ಮುಂದಿನ ಡ್ರೈಡಾಕಿನವರೆಗೆ ಹಂಚುವುದು ರೂಢಿ. ಮಾಮೂಲು ದುರಸ್ತಿಯನ್ನೂ ಇದರೊಳಗೆ ತುರುಕಿ ವರ್ಷದ ಲಾಭವನ್ನು ಉಬ್ಬಿಸುವ ಪ್ರಲೋಭನೆ ಸಹಜವಾದುದರಿಂದ, ಹಡಗುಕಟ್ಟೆಯ ಬಿಲ್ಲನ್ನು ಬಾಬುಬಾಬಾಗಿ ಓದದ ಪರಿಶೋಧನೆ ಹೆಸರಿಗೆ ಮಾತ್ರ ಪರಿಶೋಧನೆ.

ತೆರಿಗೆಯ ವಿಷಯದಲ್ಲಿ ಸಾಮಾನ್ಯ ಓದುಗನಿಗೆ ವಿಚಿತ್ರವೆನಿಸುವ ಏರ್ಪಾಡೊಂದಿದೆ. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ 2004ರಲ್ಲಿ ಆರಂಭವಾದ ಟನ್ನೇಜ್ ತೆರಿಗೆಯ ಪದ್ಧತಿಯ ಪ್ರಕಾರ, ಅದನ್ನು ಆಯ್ದುಕೊಂಡ ಕಂಪೆನಿಯ ನೌಕಾವ್ಯವಹಾರದ ಆದಾಯವನ್ನು ಲಾಭದಿಂದಲ್ಲದೆ ಹಡಗಿನ ನಿವ್ವಳ ಟನ್ನುಗಳಿಂದ ಗಣಿಸಬೇಕು. 2012ರಲ್ಲಿ ಪರಿಷ್ಕೃತವಾದ ದರದಂತೆ ಮೊದಲ ಹತ್ತು ಸಾವಿರ ಟನ್ನಿಗೆ ಒಟ್ಟು ದಿನಕ್ಕೆ 5,470 ರೂಪಾಯಿ, ಅಲ್ಲಿಂದ ಇಪ್ಪತ್ತೈದು ಸಾವಿರದವರೆಗೆ ಪ್ರತಿ ನೂರು ಟನ್ನಿಗೆ 42 ರೂಪಾಯಿ. ಆದುದರಿಂದ 20,000 ಟನ್ನಿನ ಹಡಗಿನ ದಿನದ ಆದಾಯ 9,670 ರೂಪಾಯಿ; 365 ದಿನಕ್ಕೆ 35,29,550 ರೂಪಾಯಿ. ಇದು ತೆರಿಗೆಯಲ್ಲ, ತೆರಿಗೆ ಹಾಕತಕ್ಕ ಆದಾಯ ಎಂಬುದನ್ನು ಮರೆಯಬಾರದು. ಬಾಡಿಗೆ ಗಗನಕ್ಕೇರಿದ ವರ್ಷವೂ ಅಷ್ಟೇ, ನಷ್ಟವಾದ ವರ್ಷವೂ ಅಷ್ಟೇ. ಲಾಭವನ್ನು ತಗ್ಗಿಸಿ ತೋರಿಸುವ ಹಳೆಯ ಚಪಲಕ್ಕೆ ಇಲ್ಲಿ ಅವಕಾಶವಿಲ್ಲದುದರಿಂದ ಪರಿಶೋಧಕನ ದೃಷ್ಟಿ ಬೇರೆಡೆಗೆ ತಿರುಗಬೇಕಾಗುತ್ತದೆ: ಬೇರೆ ವ್ಯವಹಾರದ ಆದಾಯವನ್ನು ಹಡಗಿನ ಖಾತೆಗೆ ಸರಿಸಿದ್ದಾರೆಯೇ, ಹಡಗಿನ ಖರ್ಚನ್ನು ಬೇರೆ ವ್ಯವಹಾರದ ತಲೆಗೆ ಕಟ್ಟಿದ್ದಾರೆಯೇ?

ಈ ರಿಯಾಯಿತಿಗೆ ಪ್ರತಿಯಾಗಿ ಕಂಪೆನಿಯು ಪುಸ್ತಕಲಾಭದ ಕನಿಷ್ಠ ಶೇಕಡಾ 20ನ್ನು ಮೀಸಲುನಿಧಿಗೆ ವರ್ಗಾಯಿಸಿ, ಎಂಟು ವರ್ಷಗಳೊಳಗೆ ಹೊಸ ಹಡಗಿಗೆ ವಿನಿಯೋಗಿಸಬೇಕು. ತಪ್ಪಿದಲ್ಲಿ ರಿಯಾಯಿತಿಗೇ ಕತ್ತರಿ ಬೀಳುತ್ತದೆ. ಪ್ರತ್ಯೇಕ ಲೆಕ್ಕಪುಸ್ತಕಗಳನ್ನು ಇಟ್ಟು ಪರಿಶೋಧಕನ ವರದಿಯನ್ನೂ ಒಪ್ಪಿಸಬೇಕೆಂಬ ನಿಯಮವುಂಟು. ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪೆನಿಯಲ್ಲಾದರೆ ವ್ಯಕ್ತಿಯೊಬ್ಬನು ಪರಿಶೋಧಕನಾಗಿ ಒಮ್ಮೆಗೆ ಐದು ವರ್ಷಕ್ಕಿಂತ ಹೆಚ್ಚು ಮುಂದುವರಿಯಲಾಗದು. ಅಂದಮೇಲೆ ನಿಧಿಯನ್ನು ಮೊದಲ ವರ್ಷ ಕಂಡವನು ಎಂಟನೆಯ ವರ್ಷ ಅದರ ವಿನಿಯೋಗವನ್ನು ಕಾಣುವುದಿಲ್ಲ. ಬಂದವನು ಹಿಂದಿನವನ ಅಢಾವೆ ಪತ್ರಿಕೆಗಳನ್ನು ತೆರೆದು, ಯಾವ ವರ್ಷದ ಲಾಭದಿಂದ ಬಂದ ಹಣ ಯಾವ ಹಡಗಿನ ಕಂತಿಗೆ ಸಂದಿತೆಂಬುದನ್ನು ವರ್ಷವರ್ಷಕ್ಕೆ ಪ್ರತ್ಯೇಕವಾಗಿ ಪತ್ತೆಹಚ್ಚಬೇಕಾಗುತ್ತದೆ.