ಲೇಹ್ ದಾರಿಯ ಘಾಟಿಗಳು: ಬೈಕ್ ಬರುವ ಮುಂಚೆ ಯಾರು ನಡೆದರು, ಯಾರು ಕಡಿದರು

ಮುಂದಿನ ಪೆಟ್ರೋಲ್ ಬಂಕ್ 365 ಕಿಲೋಮೀಟರ್ ದೂರ. ಹಿಮಾಚಲ ಪ್ರದೇಶದ ಲಾಹೌಲ್ ಸೀಮೆಯಲ್ಲಿ ತಾಂಡಿ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಬಂಕ್ ಮುಂದೆ ಬಹಳ ವರ್ಷ ಹೀಗೊಂದು ಫಲಕ ಇತ್ತು. ಮನಾಲಿಯಿಂದ ಲೇಹ್‌ಗೆ ಹೋಗುವ ಬೈಕ್ ಹುಡುಗರ ಫೋಟೊಗಳಲ್ಲಿ ನೀವೂ ಅದನ್ನು ನೋಡಿರುತ್ತೀರಿ. ನಮ್ಮ ಬಳಗದ ಐವರು ಟೆಂಟು, ಸ್ಟವ್ ಕಟ್ಟಿಕೊಂಡು ಆ ದಾರಿ ಹಿಡಿದಾಗ ಕ್ಯಾನುಗಳಿಗೆ ಪೆಟ್ರೋಲ್ ತುಂಬಿಸಿಕೊಂಡದ್ದು ಅಲ್ಲೇ.

ವಿಡಿಯೊಗಳಲ್ಲಿ ಈ ದಾರಿಯನ್ನು ಯಾರೂ ಇಲ್ಲದ ಜಾಗ, ಬರೀ ಬೆಟ್ಟ, ಬರೀ ಗಾಳಿ ಎಂದು ತೋರಿಸುತ್ತಾರೆ. ನಮಗೆ ಕಂಡದ್ದು ಬೇರೆ. ಟೆಂಟ್ ಹಾಕಿದ ಪ್ರತಿ ಜಾಗದಲ್ಲೂ ನಮಗಿಂತ ಮುಂಚೆ ನೂರಾರು ವರ್ಷ ಯಾರೋ ಮಲಗಿ ಎದ್ದು ಹೋಗಿದ್ದಾರೆ. ಬೈಕ್ ಓಡಿಸಿದ ಪ್ರತಿ ಅಡಿಯನ್ನೂ ಯಾರೋ ಕೂಲಿಗೆ ಕಡಿದಿದ್ದಾರೆ. ಈ ಬರಹ ಅವರ ಬಗ್ಗೆ.

ಮೊದಲು ಎತ್ತರದ ಲೆಕ್ಕ ತಿಳಿದಿರಲಿ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 6,300 ಅಡಿ ಚಿಲ್ಲರೆ. ಮನಾಲಿ ಊರೇ ಹೆಚ್ಚು ಕಡಿಮೆ ಅಷ್ಟು ಎತ್ತರದಲ್ಲಿದೆ. ಅಲ್ಲಿಂದ ರೋಹ್ತಾಂಗ್ ಘಾಟಿ ಸುಮಾರು 13,000 ಅಡಿ, ಬಾರಾಲಾಚಾ ಲಾ ಸುಮಾರು 16,000 ಅಡಿ, ಆಮೇಲೆ ನಕೀ ಲಾ, ಲಾಚುಂಗ್ ಲಾ, ಕೊನೆಗೆ ತಂಗ್ಲಾಂಗ್ ಲಾ 17,000 ಅಡಿಗೂ ಮೇಲೆ. ಲಡಾಖಿ ಮಾತಿನಲ್ಲಿ 'ಲಾ' ಎಂದರೇ ಘಾಟಿ. ಹಾಗಾಗಿ 'ಖರ್ದುಂಗ್ ಲಾ ಪಾಸ್' ಅನ್ನುವುದು ಘಾಟಿ ಘಾಟಿ ಅಂದ ಹಾಗೆ. ಅಷ್ಟು ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಮಂಗಳೂರು ಕಡಲ ದಂಡೆಯಲ್ಲಿ ಸಿಗುವುದರ ಹತ್ತಿರ ಹತ್ತಿರ ಅರ್ಧ. ಮನುಷ್ಯನಿಗೆ ತಲೆನೋವು, ಬೈಕಿಗೆ ಏದುಸಿರು. ಕೆಳಗೆ ಮೂರನೇ ಗೇರಿನಲ್ಲಿ ಹತ್ತುವ ಏರನ್ನು ಅಲ್ಲಿ ಒಂದನೇ ಗೇರಿನಲ್ಲಿ ಹತ್ತಬೇಕು.

ಈ ಎತ್ತರಕ್ಕೆ ಮೋಜಿಗೆ ಹೋದವರು ನಮ್ಮಂಥ ಇತ್ತೀಚಿನವರು. ಹಿಂದಿನವರು ಹೋದದ್ದು ಉಪ್ಪಿಗೆ, ಉಣ್ಣೆಗೆ, ವ್ಯಾಪಾರಕ್ಕೆ.

ತಂಗ್ಲಾಂಗ್ ಲಾ ಸಿಗುವ ಮುಂಚೆ ಮೋರೆ ಎಂಬ ಬಯಲು ಬರುತ್ತದೆ. ಹದಿನೈದು ಸಾವಿರ ಅಡಿ ಮೇಲೆ, ನಲವತ್ತು ಕಿಲೋಮೀಟರ್ ಉದ್ದಕ್ಕೆ ನಮ್ಮ ವಿಜಯಪುರದ ಕಡೆಯ ಹೊಲದ ಹಾಗೆ ಚಪ್ಪಟೆ. ಅದರ ಪಕ್ಕದಲ್ಲಿ ತ್ಸೋ ಕರ್ ಎಂಬ ಉಪ್ಪಿನ ಕೆರೆ. ಚಾಂಗ್ಪಾ ಎಂಬ ಕುರಿಗಾಹಿ ಜನ ಅಲ್ಲಿ ಉಪ್ಪು ಕೆರೆದು ತುಂಬಿ ಕೆಳಗಿನ ಸೀಮೆಗಳಿಗೆ ಒಯ್ದು ಧಾನ್ಯಕ್ಕೆ ಬದಲಿಸಿಕೊಳ್ಳುತ್ತಿದ್ದರು. ಹೊರುತ್ತಿದ್ದದ್ದು ಯಾವ ಪ್ರಾಣಿ ಗೊತ್ತೇ? ಕುರಿ. ಒಂದೊಂದು ಕುರಿಯ ಬೆನ್ನಿಗೆ ಎರಡು ಪುಟ್ಟ ಚೀಲ. ನೂರಾರು ಕುರಿ ಮೇಯುತ್ತಾ ಮೇಯುತ್ತಾ ಘಾಟಿ ದಾಟುತ್ತಿದ್ದವು. ಮೇವಿನ ಖರ್ಚು ಇಲ್ಲ, ಹೋದ ಊರಲ್ಲಿ ಉಣ್ಣೆಯನ್ನೂ ಕತ್ತರಿಸಿ ಮಾರಬಹುದು. ಹಳ್ಳಿಯ ಜಾಣತನ ಎಲ್ಲಿ ಹೋದರೂ ಒಂದೇ ಜಾತಿಯದು. ಪಶ್ಮೀನಾ ಶಾಲಿನ ನಯವಾದ ಉಣ್ಣೆ ಬರುವುದೂ ಇದೇ ಚಾಂಗ್ಪಾಗಳ ಮೇಕೆಗಳಿಂದ.

ದೊಡ್ಡ ವ್ಯಾಪಾರ ಲೇಹ್‌ನಿಂದ ಆಚೆಗೆ ಇತ್ತು. ಲೇಹ್ ಪೇಟೆಯಿಂದ ಖರ್ದುಂಗ್ ಲಾ ದಾಟಿ, ನುಬ್ರಾ ಕಣಿವೆಗೆ ಇಳಿದು, ಅಲ್ಲಿಂದ ಸಾಸೆರ್ ಮತ್ತು 18,000 ಅಡಿಯ ಕಾರಕೋರಂ ಘಾಟಿಗಳನ್ನು ಏರಿದರೆ ಈಗಿನ ಚೀನಾದ ಯಾರ್ಕಂಡ್. ವಾರಗಟ್ಟಲೆಯ ನಡಿಗೆ. ಅಲ್ಲಿಂದ ರೇಷ್ಮೆ, ಜಮಖಾನ, ಚರಸ್ ಬರುತ್ತಿತ್ತು. ಇಲ್ಲಿಂದ ಹತ್ತಿ ಬಟ್ಟೆ, ಮಸಾಲೆ, ನೀಲಿ ಬಣ್ಣ ಹೋಗುತ್ತಿತ್ತು. ಕುದುರೆಗಳು ದಾರಿಯಲ್ಲೇ ಎಷ್ಟು ಸಾಯುತ್ತಿದ್ದವೆಂದರೆ ಕಾರಕೋರಂ ದಾರಿಯನ್ನು ಮೂಳೆ ನೋಡಿಯೇ ಗುರುತು ಹಿಡಿಯಬಹುದು ಎಂದು ಹೋಗಿ ಬಂದವರು ಬರೆದಿದ್ದಾರೆ. 1940ರ ದಶಕದ ಕೊನೆಯಲ್ಲಿ ಆ ಗಡಿ ಮುಚ್ಚಿತು. ವ್ಯಾಪಾರ ನಿಂತಾಗ ಈಚೆಗೇ ಉಳಿದುಹೋದ ಎರಡು ಡುಬ್ಬದ ಒಂಟೆಗಳ ಸಂತತಿ ಈಗ ನುಬ್ರಾದ ಹುಂದರ್ ಮರಳ ದಿಬ್ಬಗಳಲ್ಲಿ ಪ್ರವಾಸಿಗರನ್ನು ಹೊರುತ್ತಿದೆ.

ಈ ದಾರಿ ಹಿಡಿದ ಬಿಳಿಯರ ಪೈಕಿ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ದನದ ಡಾಕ್ಟರ್ ನಮಗೆ ಇಷ್ಟವಾದ ವ್ಯಕ್ತಿ. ಈಸ್ಟ್ ಇಂಡಿಯಾ ಕಂಪನಿಯ ಕುದುರೆ ಸಾಕಣೆ ಕೇಂದ್ರ ನೋಡಿಕೊಳ್ಳುತ್ತಿದ್ದವನು. ಒಳ್ಳೆಯ ತಳಿಯ ಕುದುರೆ ಹುಡುಕುತ್ತಾ 1820ರಲ್ಲಿ ಕುಲ್ಲೂವಿನಿಂದ ರೋಹ್ತಾಂಗ್, ಬಾರಾಲಾಚಾ ದಾಟಿ ಲೇಹ್ ತಲುಪಿದ. ಇವತ್ತಿನ ಬೈಕ್ ಮಾರ್ಗ ಹೆಚ್ಚು ಕಡಿಮೆ ಅವನು ನಡೆದದ್ದೇ. ಆದರೆ ಮೂರ್‌ಕ್ರಾಫ್ಟ್ ಹೆಸರು ಪುಸ್ತಕದಲ್ಲಿದೆ, ಅವನ ಗಂಟು ಹೊತ್ತವರ ಹೆಸರು ಇಲ್ಲ. ಲಡಾಖಿನ ಹಳ್ಳಿಯವರ ಮೇಲೆ 'ರೇಸ್' ಎಂಬ ಒಂದು ಪದ್ಧತಿ ಇತ್ತು. ಸರ್ಕಾರದ ಕಡೆಯವರು ಬಂದರೆ ಪಾಳಿ ಪ್ರಕಾರ ಕುದುರೆ, ಆಳು ಕೊಡಲೇಬೇಕು. ಕೊಯ್ಲಿನ ಕಾಲವೇ ಇರಲಿ, ಹೊಲ ಬಿಟ್ಟು ಹೋಗಬೇಕು. ನಮ್ಮ ಅಜ್ಜಂದಿರು ಬಿಟ್ಟಿ ಚಾಕರಿ ಎನ್ನುತ್ತಿದ್ದರಲ್ಲ, ಅದರ ಅಣ್ಣತಮ್ಮ.

ಹೀಗೆ ಹೊರುವವರ ಸಾಲಿನಲ್ಲಿದ್ದ ಒಬ್ಬನ ಹೆಸರು ಮಾತ್ರ ನಕಾಶೆ ಸೇರಿತು. ಲೇಹ್‌ನ ಬಡ ಮನೆಯ ಹುಡುಗ ಗುಲಾಂ ರಸೂಲ್ ಗಲ್ವಾನ್ ಚಿಕ್ಕ ವಯಸ್ಸಿನಲ್ಲೇ ಸಾಹೇಬರ ತಂಡಗಳಲ್ಲಿ ಕುದುರೆ ಹಿಡಿಯಲು, ಸಾಮಾನು ಹೊರಲು ಸೇರಿದ. ಮುಂದೆ ಇಡೀ ತಂಡವನ್ನೇ ನಡೆಸುವ ಮುಖ್ಯಸ್ಥನಾದ. ಅರ್ಧಂಬರ್ಧ ಕಲಿತ ಇಂಗ್ಲಿಷಿನಲ್ಲಿ ತನ್ನ ಬದುಕಿನ ಕಥೆ ಬರೆದ. ಅದು 1923ರಲ್ಲಿ ಅಚ್ಚಾಯಿತು. ಪುಸ್ತಕದ ಹೆಸರಿನ ಅರ್ಥವೇ ಸಾಹೇಬರ ಸೇವಕ. ಗಲ್ವಾನ್ ನದಿಗೆ ಬಂದ ಹೆಸರು ಅವನದು. ಹೌದು, 2020ರ ಜೂನ್ 15ರ ರಾತ್ರಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟ ಅದೇ ಗಲ್ವಾನ್. ಟಿವಿಯವರು ತಿಂಗಳುಗಟ್ಟಲೆ ಆ ಹೆಸರು ಕೂಗಿದರು. ಅದು ಒಬ್ಬ ಕೂಲಿಯ ಹೆಸರು ಎಂದು ಹೇಳಿದವರು ಕಡಿಮೆ.

ಕುದುರೆ ದಾರಿ ಗಾಡಿ ದಾರಿಯಾದದ್ದು ಯುದ್ಧದಿಂದ. ಇಲ್ಲಿ ಕೊಡಗಿಗೂ ಬೆಂಗಳೂರಿಗೂ ನಿಜವಾದ ನಂಟಿದೆ.

1948ರಲ್ಲಿ ಪಾಕಿಸ್ತಾನದ ಕಡೆಯ ದಾಳಿಕೋರರು ಲೇಹ್ ಹತ್ತಿರಕ್ಕೆ ಬಂದಿದ್ದರು. ರಸ್ತೆ ಇಲ್ಲ. ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಊರಿನ ಜನರನ್ನೇ ಸೇರಿಸಿಕೊಂಡು ಸಿಂಧೂ ನದಿಯ ಬಳಿ ವಿಮಾನ ಇಳಿಯುವ ಪಟ್ಟಿ ಮಾಡಿದರು. ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಅಲ್ಲಿಗೆ ಡಕೋಟಾ ವಿಮಾನ ಇಳಿಸಿದರು. ಹತ್ತು ಸಾವಿರ ಅಡಿಗೂ ಮೇಲಿನ ಮಣ್ಣು ನೆಲದಲ್ಲಿ, ಮುಂಚೆ ಯಾರೂ ಇಳಿಸದ ಜಾಗದಲ್ಲಿ. ಅವರ ಜೊತೆ ಆ ವಿಮಾನದಲ್ಲಿ ಕುಳಿತಿದ್ದವರು ಮಡಿಕೇರಿಯ ಕೆ. ಎಸ್. ತಿಮ್ಮಯ್ಯ, ಆಗ ಅಲ್ಲಿನ ಡಿವಿಷನ್ನಿನ ಮೇಜರ್ ಜನರಲ್.

ಆದರೂ ಶ್ರೀನಗರ-ಲೇಹ್ ನೆಲದ ದಾರಿ ಜೋಜಿ ಲಾ ಘಾಟಿಯಲ್ಲಿ ಕಟ್ಟಿಹೋಗಿತ್ತು. ಕಾಲಾಳುಗಳ ಪ್ರಯತ್ನ ಸೋತಿತು. ಟ್ಯಾಂಕ್ ಹತ್ತಿಸೋಣ ಎಂಬ ತೀರ್ಮಾನವಾಯಿತು. ಹತ್ತಬೇಕಾದ ಎತ್ತರ ಹನ್ನೊಂದು ಸಾವಿರದ ಐನೂರು ಅಡಿಗೂ ಹೆಚ್ಚು, ಇದ್ದದ್ದು ಹೇಸರಗತ್ತೆಯ ಹಾದಿ. ಆ ಹಾದಿಯನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ ಕೇಂದ್ರ ಇರುವ, ದಕ್ಷಿಣದ ಹುಡುಗರೇ ತುಂಬಿದ ಪಡೆ ಅದು. ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ, ಬಟ್ಟೆ ಮುಚ್ಚಿ, ಗುಟ್ಟಾಗಿ ಸಾಗಿಸಿದರು. ನವೆಂಬರ್ 1ರಂದು, ಹಿಮ ಬೀಳುತ್ತಿರುವಾಗ, ಏಳನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಘಾಟಿ ಹತ್ತಿದವು. ಎದುರಿದ್ದವರು ಟ್ಯಾಂಕ್ ಬರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಮತ್ತೆ ಕೈಗೆ ಬಂದು ಲೇಹ್ ಉಳಿಯಿತು. ತಿಮ್ಮಯ್ಯನವರ ಹೆಸರನ್ನು ನಮ್ಮಲ್ಲಿ ರಸ್ತೆಗೆ, ಸರ್ಕಲ್ಲಿಗೆ ಇಟ್ಟಿದ್ದೇವೆ. ಜೋಜಿ ಲಾ ಕಡಿದ ಸ್ಯಾಪರ್‌ಗಳ ವಿಷಯ ಶಾಲೆಯ ಪುಸ್ತಕದಲ್ಲೂ ಒಂದು ಪಾಠವಾಗಬೇಕಿತ್ತು ಎಂದು ನಮ್ಮ ಅಭಿಪ್ರಾಯ.

1950ರ ದಶಕದಲ್ಲಿ ಚೀನಾ ಅಕ್ಸಾಯ್ ಚಿನ್ ಮೂಲಕ ರಸ್ತೆ ಹಾಕಿತು. ದಿಲ್ಲಿಗೆ ಎಚ್ಚರವಾಯಿತು. 1960ರ ಮೇ 7ರಂದು ಗಡಿ ರಸ್ತೆಗಳ ಸಂಸ್ಥೆ, ಅಂದರೆ ಬಿಆರ್‌ಒ, ಹುಟ್ಟಿತು. 1962ರ ಯುದ್ಧ ಆದ ಮೇಲೆ ಕೆಲಸ ಇನ್ನೂ ಬಿರುಸಾಯಿತು. ಖರ್ದುಂಗ್ ಲಾ ರಸ್ತೆ 1976ರಲ್ಲಿ ಆಯಿತು, ಸಾರ್ವಜನಿಕರ ಗಾಡಿಗೆ ಬಿಟ್ಟದ್ದು 1988ರಲ್ಲಿ. ಮರುವರ್ಷ ಮನಾಲಿ-ಲೇಹ್ ರಸ್ತೆಯೂ ತೆರೆಯಿತು. ಬೈಕುಗಳ ಕಥೆ ಶುರುವಾಗುವುದೇ ಅಲ್ಲಿಂದ. ಇನ್ನೊಂದು ತಮಾಷೆ: ಬುಲೆಟ್ ಬೈಕು ಭಾರತದಲ್ಲಿ ತಯಾರಾಗಲು ಶುರುವಾದದ್ದೂ 1950ರ ದಶಕದ ನಡುವೆ ಸೈನ್ಯ ಗಡಿ ಕಾವಲಿಗೆಂದು ಕೊಟ್ಟ ಆರ್ಡರಿನಿಂದಲೇ. ರಸ್ತೆಯೂ ಗಡಿಗಾಗಿ, ಗಾಡಿಯೂ ಗಡಿಗಾಗಿ. ಈಗ ಹಿಮಾಲಯನ್, ಎಕ್ಸ್‌ಪಲ್ಸ್‌ನಂಥ ಮಣ್ಣು ದಾರಿಯ ಬೈಕುಗಳಲ್ಲಿ ನಾವು ಹೋಗುತ್ತೇವೆ.

ಎತ್ತರದ ಜಂಭವೂ ಆಗಿಂದಲೇ ಶುರು. ಖರ್ದುಂಗ್ ಲಾ ಮೇಲೆ ಬಹಳ ಕಾಲ 18,380 ಅಡಿ, ಜಗತ್ತಿನಲ್ಲೇ ಎತ್ತರದ ರಸ್ತೆ ಎಂಬ ಫಲಕ ಇತ್ತು. ಜಿಪಿಎಸ್ ಹಿಡಿದು ಅಳೆದವರಿಗೆ ಸಿಕ್ಕದ್ದು ಸುಮಾರು 17,580. ಆಮೇಲೆ ಬಿಆರ್‌ಒ 19,024 ಅಡಿಯ ಉಮ್ಲಿಂಗ್ ಲಾ ರಸ್ತೆ ಮಾಡಿ 2021ರಲ್ಲಿ ಗಿನ್ನೆಸ್ ದಾಖಲೆ ಪಡೆಯಿತು.

ಕ್ಯಾಂಪಿಂಗ್ ಮಾತಿಗೆ ಬರೋಣ. ಜಿಂಗ್‌ಜಿಂಗ್‌ಬಾರ್, ಸರ್ಚು, ಪಾಂಗ್, ದೆಬ್ರಿಂಗ್. ಬೈಕಿನವರು ಟೆಂಟ್ ಹಾಕುವ ಜಾಗಗಳ ಹೆಸರು ಇವು. ನೀರು ಇರುವ, ಗಾಳಿ ಸ್ವಲ್ಪ ತಡೆಯುವ, ಪ್ರಾಣಿಗೆ ಹುಲ್ಲು ಸಿಗುವ ಬಯಲುಗಳಲ್ಲೇ ಹಿಂದಿನವರೂ ತಂಗಿದರು. ಪೆಟ್ರೋಲ್ ಕುಡಿಯುವ ನಮ್ಮ ಕುದುರೆಗೆ ಹುಲ್ಲು ಬೇಡ, ಆದರೂ ನೀರು ಬಿಟ್ಟು ನಾವೂ ಎಲ್ಲಿಗೂ ಹೋಗಲಾಗುವುದಿಲ್ಲ. ಹಿಂದಿನವರ ಇನ್ನೊಂದು ನಿಯಮವೂ ಹಾಗೇ ಉಳಿದಿದೆ: ಹಳ್ಳ ದಾಟುವುದಿದ್ದರೆ ಬೆಳಿಗ್ಗೆಯೇ ದಾಟು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನಕ್ಕೆ ಬೈಕಿನ ಸೈಲೆನ್ಸರ್ ಮುಳುಗಿಸುತ್ತದೆ. ಲೇಹ್‌ನಲ್ಲಿ ಇನ್ನೊಂದು ಪಾಠ. ಮನಾಲಿಯಲ್ಲಿ ಬಾಡಿಗೆಗೆ ತಂದ ಬೈಕಿನಲ್ಲಿ ನುಬ್ರಾ ಕಡೆ ಹೋಗಲು ಅಲ್ಲಿನವರು ಬಿಡುವುದಿಲ್ಲ, ಲೇಹ್‌ನವರ ಬೈಕನ್ನೇ ಬಾಡಿಗೆಗೆ ಹಿಡಿಯಬೇಕು. ನಮ್ಮಲ್ಲಿ ಒಬ್ಬರು ಗೊಣಗಿದರು. ಒಂದು ಕಾಲಕ್ಕೆ ಬಾಡಿಗೆ ಕುದುರೆಗಳಿಂದಲೇ ಬದುಕಿದ ಊರು ಅದು. ಬಾಡಿಗೆಯ ಹಕ್ಕು ಬಿಟ್ಟುಕೊಡುವುದಿಲ್ಲ ಎಂದರೆ ನಮಗೆ ತಪ್ಪೆನಿಸಲಿಲ್ಲ.

ಗಾಟಾ ಲೂಪ್ಸ್ ಎಂಬ ಇಪ್ಪತ್ತೊಂದು ತಿರುವು ಹತ್ತುವಾಗ, ತಂಗ್ಲಾಂಗ್ ಲಾ ಹತ್ತಿರ ಬಂದಾಗ, ರಸ್ತೆ ಬದಿಯಲ್ಲಿ ಮುಖಕ್ಕೆ ಬಟ್ಟೆ ಸುತ್ತಿ, ಟಾರು ಕಾಯಿಸುತ್ತಾ, ಕಲ್ಲು ಒಡೆಯುತ್ತಾ ನಿಂತ ಜನ ಕಾಣುತ್ತಾರೆ. ಬೈಕಿನವರು ಕೈ ಬೀಸಿ ಮುಂದೆ ಹೋಗುತ್ತಾರೆ. ಇವರಲ್ಲಿ ಬಹಳ ಮಂದಿ ಜಾರ್ಖಂಡಿನ ದುಮ್ಕಾ ಕಡೆಯ ಸಂತಾಲ ಆದಿವಾಸಿಗಳು. ಬಿಹಾರದವರು, ನೇಪಾಳದವರೂ ಇದ್ದಾರೆ. ಹಿಮ ಕರಗಿದಾಗ ಬಂದು ಹಿಮ ಬೀಳುವ ಮುಂಚೆ ಊರಿಗೆ ಮರಳುವ ದಿನಗೂಲಿ. ರಾಯಚೂರು, ಕಲಬುರಗಿ, ಯಾದಗಿರಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದು ಗುಳೆ. ನಮ್ಮವರು ಬೆಂಗಳೂರಿನ ಕಟ್ಟಡಕ್ಕೆ ಹೋದರೆ ಅವರು 17,000 ಅಡಿಗೆ ಹೋಗುತ್ತಾರೆ. ಇಲ್ಲಿ ಮೇಸ್ತ್ರಿ, ಅಲ್ಲಿ ಮೇಟ್. ಕೂಲಿ ಅವನ ಕೈ ದಾಟಿ ಬರುವಾಗ ಒಂದಷ್ಟು ಅವನ ಜೇಬಿನಲ್ಲೇ ಉಳಿಯುತ್ತದೆ ಎಂಬ ದೂರು ಎರಡೂ ಕಡೆ ಒಂದೇ.

2010ರ ಆಗಸ್ಟ್ 5ರ ರಾತ್ರಿ ಲೇಹ್ ಸುತ್ತ ಮೇಘಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಜನ ಕೆಸರಿನಲ್ಲಿ ಸತ್ತರು. ಅವರಲ್ಲಿ ಹೊರಗಿನಿಂದ ಬಂದ ಕೂಲಿಕಾರರೂ ಇದ್ದರು.

ಈ ಜನ ಇಡೀ ದೇಶದ ಕಣ್ಣಿಗೆ ಬಿದ್ದದ್ದು ಲಾಕ್‌ಡೌನ್ ವರ್ಷ. 2020ರ ಮೇ 29ರಂದು, ಬಟಾಲಿಕ್ ಕಡೆ ಸಿಕ್ಕಿಕೊಂಡಿದ್ದ ಜಾರ್ಖಂಡಿನ 60 ಕೂಲಿಕಾರರನ್ನು ಅವರ ರಾಜ್ಯ ಸರ್ಕಾರ ಲೇಹ್‌ನಿಂದ ವಿಮಾನದಲ್ಲಿ ರಾಂಚಿಗೆ ಕರೆಸಿಕೊಂಡಿತು. ಆಗ ಬಿಆರ್‌ಒಗೆ ಆಳು ಬೇಕಿತ್ತು, ಗಡಿಯಲ್ಲಿ ಚೀನಾ ಜೊತೆ ತಿಕ್ಕಾಟ ಶುರುವಾಗಿತ್ತು. ಜಾರ್ಖಂಡ್ ಸರ್ಕಾರ ಷರತ್ತು ಮುಂದಿಟ್ಟಿತು: ಮಧ್ಯವರ್ತಿ ಬೇಡ, ಕೂಲಿ ನೇರ ಕೆಲಸಗಾರನ ಖಾತೆಗೆ ಬರಬೇಕು. ಮಾತುಕತೆ ಆದ ಮೇಲೆ ಜೂನ್ 13ರಂದು ದುಮ್ಕಾದಿಂದ ಸುಮಾರು 1,600 ಕೆಲಸಗಾರರನ್ನು ಹೊತ್ತ ರೈಲಿಗೆ ಮುಖ್ಯಮಂತ್ರಿ ಹೇಮಂತ್ ಸೊರೇನ್ ಹಸಿರು ಬಾವುಟ ತೋರಿಸಿದರು.

ಎರಡು ದಿನದ ನಂತರ ಗಲ್ವಾನ್ ಘರ್ಷಣೆ. ಇಡೀ ದೇಶ ಆ ಕಡೆ ಹೇಗೆ ಹೋಗುವುದೆಂದೇ ಹೆದರುತ್ತಿದ್ದಾಗ ಆ ರೈಲಿನ ಜನ ಅತ್ತಲೇ ಹೊರಟಿದ್ದರು, ರಸ್ತೆ ಮಾಡಲು.

ಅದೇ ವರ್ಷ ಅಕ್ಟೋಬರ್ 3ರಂದು ರೋಹ್ತಾಂಗ್ ಅಡಿಯ ಒಂಬತ್ತು ಕಿಲೋಮೀಟರ್ ಅಟಲ್ ಸುರಂಗ ತೆರೆಯಿತು. ರೋಹ್ತಾಂಗ್ ಎಂದರೆ ಹೆಣಗಳ ರಾಶಿ ಎಂದು ಅಲ್ಲಿನವರು ಅರ್ಥ ಹೇಳುತ್ತಾರೆ, ಅಷ್ಟು ಜನರನ್ನು ಆ ಘಾಟಿಯ ಹಿಮಗಾಳಿ ತಿಂದಿದೆ. ಈಗ ದಾರಿ 46 ಕಿಲೋಮೀಟರ್ ಕಡಿಮೆಯಾಗಿದೆ, ಬೈಕು ಹತ್ತು ಹದಿನೈದು ನಿಮಿಷದಲ್ಲಿ ಆಚೆ ಬದಿಗೆ ಬರುತ್ತದೆ. ಮುಂದಿನ ಬಾರಾಲಾಚಾ, ತಂಗ್ಲಾಂಗ್ ಲಾಗಳು ಮಾತ್ರ ಈಗಲೂ ಚಳಿಗಾಲ ಬಂತೆಂದರೆ ಮುಚ್ಚುತ್ತವೆ. ದುಮ್ಕಾದವರು ಭತ್ತದ ಕೊಯ್ಲಿಗೆ ಊರಿಗೆ ಹೋಗುತ್ತಾರೆ. ವಸಂತದಲ್ಲಿ ಬುಲ್ಡೋಜರ್ ಹಿಮ ಸರಿಸುತ್ತಾ ಬರುತ್ತದೆ, ಅದರ ಹಿಂದೆ ಗುದ್ದಲಿ ಹಿಡಿದವರು, ಅವರ ಹಿಂದೆ ಲಾರಿಗಳು, ಜೂನ್ ಹೊತ್ತಿಗೆ ಬೈಕುಗಳು.