ಗೊರವ ಅಂದರೆ ಯಾರು?

ತುಮಕೂರು ರಸ್ತೆಯ ಗೊರಗುಂಟೆಪಾಳ್ಯಕ್ಕೂ ಗೊರವರಿಗೂ ನಂಟಿದೆಯೇ ಅಂತ ಕೆಲವರು ಕೇಳುತ್ತಾರೆ. ಉಲಿ ಹೋಲಿದ ಮಾತ್ರಕ್ಕೆ ಚರಿತ್ರೆ ಆಗುವುದಿಲ್ಲ. ಊರಿನ ಹೆಸರಿಗೆ ಕಥೆ ಕಟ್ಟುವುದು ಬೇಡ. ಆದರೆ 'ಗೊರವ' ಅನ್ನೋ ಮಾತಿಗೇ ಒಂದು ಚರಿತ್ರೆ ಇದೆ. ಅದು ನಮಗೆ ಬೇಕಾದದ್ದು.

ಇವತ್ತು ಗೊರವಯ್ಯ ಅಂದರೆ ಕರಡಿಗೂದಲ ಟೋಪಿ, ಡಮರುಗ, ಕೊಳಲು, ಭಂಡಾರದ ಚೀಲ. ಮೈಲಾರಲಿಂಗನ ಹೆಸರಲ್ಲಿ ಮನೆಮನೆ ತಿರುಗುವವನು. ಹೆಚ್ಚಿನವರು ಕುರುಬರು.

ಮೂಲದಲ್ಲಿ ಇವನೇ ಗುರು. ಸಂಸ್ಕೃತದ ಗುರು ಶಬ್ದದ ಬಹುವಚನ 'ಗುರವಃ'. ಶ್ರವಣಬೆಳಗೊಳದ ಸುಮಾರು 700ರ ಕಲ್ಲುಗಳಲ್ಲಿ ಜೈನ ಮುನಿಗಳು 'ಗುರವಡಿಗಳ್'. ಗುರವನ ಉಕಾರ ಒಕಾರವಾಗಿ ಗೊರವ ಬಂತು. ಉತ್ತರ ಕರ್ನಾಟಕದಲ್ಲಿ ಗುಡಿಯ ಪೂಜಾರಿ ಇನ್ನೂ 'ಗುರವ'ನೇ.

ಶಾಸನಗಳ ಗೊರವರು ಭಿಕ್ಷುಕರಲ್ಲ. ಶೈವ ಗುಡಿಗಳ ಯತಿಗಳು, ಸ್ಥಾನದ ಒಡೆಯರು, ಭೂಮಿ ದಾನ ಪಡೆದವರು. ಇಂಥ ಕಾಳಾಮುಖ ಮಠಗಳಲ್ಲಿ ಹೆಸರಾದದ್ದು ಬಳ್ಳಿಗಾವೆಯ ಕೋಡಿಯ ಮಠ. ಬಿಜ್ಜಳನ ಕಾಲದ 1162ರ ಶಾಸನ ಅಲ್ಲಿ ವೇದ, ವ್ಯಾಕರಣಗಳ ಪಾಠ, ಬಡವರಿಗೆ ಅನ್ನ, ರೋಗಿಗಳಿಗೆ ಮದ್ದು ಇದ್ದುದನ್ನು ಹೇಳುತ್ತದೆ. ಒಳ್ಳೆಯದೇ. ಆದರೆ ದಾನಶಾಸನಗಳಲ್ಲಿ ಕೊಟ್ಟವನ ಹೆಸರಿರುತ್ತೆ, ಪಡೆದವನ ಹೆಸರಿರುತ್ತೆ, ಎಲ್ಲೆಕಲ್ಲೂ ಇರುತ್ತೆ. ಉತ್ತವನ ಹೆಸರು ಸಿಗುವುದು ಅಪರೂಪ.

ಕಾಳಾಮುಖ ಮಠಗಳು ಮುಂದೆ ಅಳಿದವು. ಹಲವು ವೀರಶೈವದಲ್ಲಿ ಕರಗಿದವು ಅಂತ ವಿದ್ವಾಂಸರ ಅಭಿಪ್ರಾಯ. ಭೂಮಿ, ಅಧಿಕಾರ ಉಳ್ಳವರಿಗೆ ಸ್ವಾಮಿ, ಜಗದ್ಗುರು ಎಂಬ ಹೆಸರು ನಿಂತವು. ಗೊರವ ಎಂಬ ಮಾತು ಮಾತ್ರ ಕುರಿ ಕಾಯುವವರ ಬಳಿ ಉಳಿಯಿತು. ಮಾತಿನ ಬೆಲೆ ಇಳಿದದ್ದು ಅದರ ಅರ್ಥದಿಂದಲ್ಲ, ಅದನ್ನು ಹೊತ್ತವರ ಜಾತಿಯಿಂದ ಅನ್ನುವುದು ನಮ್ಮ ವಾದ.

ಎಷ್ಟು ಇಳಿಯಿತು ನೋಡಿ. ದೋಣಿಸೇವೆಯಲ್ಲಿ ಹಾಲು, ಬಾಳೆಹಣ್ಣು ಕಲಸಿಟ್ಟ ದೋಣಿಗೆ ಗೊರವರು ನಾಯಂತೆ ಬೊಗಳುತ್ತ ಬಾಯಿ ಹಾಕುತ್ತಾರೆ. ದೇವರ ನಾಯಿಗಳಾಗುವುದು ಭಕ್ತಿ ಅಂತ ಅವರು ನಂಬುತ್ತಾರೆ. ನಾವು ಆ ನಂಬಿಕೆಯನ್ನು ನಗೆಯಾಡುವುದಿಲ್ಲ. ಆದರೆ ಈ ಭಕ್ತಿ ಯಾವ ಜಗದ್ಗುರುವಿನ ಪಾಲಿಗೂ ಯಾಕೆ ಬರಲಿಲ್ಲ?

ಅದೇ ಗೊರವಯ್ಯ ಹೂವಿನಹಡಗಲಿಯ ಮೈಲಾರದ ಜಾತ್ರೆಯಲ್ಲಿ ಬಿಲ್ಲೇರಿ ಕಾರಣಿಕ ನುಡಿಯುವಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ವರ್ಷಕ್ಕೊಂದು ಗಳಿಗೆ ಅವನು ಮತ್ತೆ ಗುರು. ಮಿಕ್ಕ ದಿನ ಬಾಗಿಲಲ್ಲಿ ನಿಲ್ಲಬೇಕು.

ಹಳ್ಳಿಯ ಮೇಷ್ಟ್ರುಗಳು ಗುರು ಶಬ್ದ ಕಲಿಸುವಾಗ ಗೊರವನನ್ನೂ ಹಲಗೆಯ ಮೇಲೆ ಬರೆಯಲಿ. ಕೊನೇ ಬೆಂಚಿನಲ್ಲಿ ಗೊರವರ ಹುಡುಗ ಕೂತಿರಬಹುದು.