ಎಳೆಯ ಹೃದಯಗಳಿಗೆ ಅರಿವಳಿಕೆ: ಒಂದು ವಿದ್ಯೆ ರೂಪುಗೊಂಡ ಬಗೆ

ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಶಸ್ತ್ರವೈದ್ಯರ ಸಾಧನೆಗಳ ಮೂಲಕವೇ ಅದನ್ನು ನಿರೂಪಿಸಿದ್ದಾರೆ. ಅದೇ ಮೇಜಿನ ತಲೆಯ ಕಡೆ ನಿಂತು ಮಗುವಿನ ಉಸಿರು, ನಾಡಿ, ಪ್ರಜ್ಞೆಗಳನ್ನು ಕಾಯ್ದವರ ಕೆಲಸವು ಪ್ರತ್ಯೇಕ ತರಬೇತಿಯನ್ನು ಬೇಡುವ ಶಾಸ್ತ್ರವೆಂಬ ಮನ್ನಣೆ ಪಡೆಯಲು ಸುಮಾರು ಏಳು ದಶಕಗಳು ಹಿಡಿದವು. ಅಲ್ಲಿಯವರೆಗೆ ಈ ವಿದ್ಯೆ ಕೆಲವೇ ಆಸ್ಪತ್ರೆಗಳಲ್ಲಿ, ಹಿರಿಯರ ಪಕ್ಕದಲ್ಲಿ ನಿಂತು ನೋಡಿ ಕಲಿತವರ ಕೈಯಲ್ಲಿ ಉಳಿದುಕೊಂಡಿತ್ತು.

1938ರ ಆಗಸ್ಟ್ 26ರಂದು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರಾಬರ್ಟ್ ಗ್ರಾಸ್ ಅವರು ಏಳು ವರ್ಷದ ಹುಡುಗಿಯೊಬ್ಬಳ ಎದೆಯನ್ನು ತೆರೆದು, ಹುಟ್ಟಿದ ಬಳಿಕ ತಾನಾಗಿ ಮುಚ್ಚಿಕೊಳ್ಳಬೇಕಿದ್ದರೂ ತೆರೆದೇ ಉಳಿದಿದ್ದ ರಕ್ತನಾಳವೊಂದನ್ನು ಕಟ್ಟಿದರು. ಅಂದು ಅರಿವಳಿಕೆ ಕೊಟ್ಟವರು ವೈದ್ಯರಲ್ಲ, ಬೆಟಿ ಲ್ಯಾಂಕ್ ಎಂಬ ದಾದಿ. ಮಕ್ಕಳ ಮುಖಕ್ಕೆ ಹೊಂದುವ ಸಲಕರಣೆಗಳೇ ದುರ್ಲಭವಾಗಿದ್ದ ಆ ಕಾಲದಲ್ಲಿ ಚಿಕ್ಕ ಮುಖವಾಡಗಳನ್ನು ತಾವೇ ರೂಪಿಸಿಕೊಳ್ಳುತ್ತಿದ್ದ ಲ್ಯಾಂಕ್, ಕಿಡಿ ತಾಗಿದರೆ ಸ್ಫೋಟಿಸಬಲ್ಲ ಸೈಕ್ಲೋಪ್ರೊಪೇನ್ ಅನಿಲವನ್ನು ಮುಖವಾಡದ ಮೂಲಕವೇ ನೀಡಿ ಶಸ್ತ್ರಕ್ರಿಯೆಯನ್ನು ದಡ ಮುಟ್ಟಿಸಿದರು. ಮಕ್ಕಳ ಹೃದ್ರೋಗದ ಅರಿವಳಿಕೆಯ ಮೊದಲ ಗುರುಗಳಲ್ಲಿ ಅವರನ್ನು ಎಣಿಸದಿದ್ದರೆ ಚರಿತ್ರೆ ಅಪೂರ್ಣವಾಗುತ್ತದೆ.

ಆರು ವರ್ಷಗಳ ಬಳಿಕ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಎದುರಾದ ಸಮಸ್ಯೆ ಇದಕ್ಕಿಂತ ಬಹಳ ಕಠಿಣವಾಗಿತ್ತು. 1944ರ ನವೆಂಬರ್ 29ರಂದು ಮೇಜಿನ ಮೇಲಿದ್ದದ್ದು 15 ತಿಂಗಳಾಗಿದ್ದರೂ ಐದು ಕಿಲೋ ಕೂಡ ತೂಗದ, ಮೈಯೆಲ್ಲ ನೀಲಿಗಟ್ಟಿದ್ದ ಹೆಣ್ಣುಮಗು. ಇಂಥ ಮಕ್ಕಳ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹರಿಸಬೇಕೆಂಬ ಮಕ್ಕಳ ಹೃದ್ರೋಗ ತಜ್ಞೆ ಹೆಲೆನ್ ಟೌಸಿಗ್ ಅವರ ಯೋಚನೆಯನ್ನು, ಪ್ರಯೋಗಾಲಯದಲ್ಲಿ ಅದನ್ನು ಸಾಧ್ಯವಾಗಿಸಿದ ವಿವಿಯನ್ ಥಾಮಸ್ ಅವರನ್ನು ಬೆನ್ನ ಹಿಂದೆಯೇ ನಿಲ್ಲಿಸಿಕೊಂಡು, ಆಲ್ಫ್ರೆಡ್ ಬ್ಲಾಲಾಕ್ ಕಾರ್ಯಗತಗೊಳಿಸಿದರು. ಇಷ್ಟು ಬಳಲಿದ ಮಗುವಿಗೆ ಅರಿವಳಿಕೆ ಕೊಡುವುದೇ ಸಲ್ಲದೆಂದು ವಿಭಾಗದ ಹಿರಿಯರಾದ ಆಸ್ಟಿನ್ ಲಮಾಂಟ್ ಹಿಂದೆ ಸರಿದಾಗ, ಆಗಿನ್ನೂ ಕಿರಿಯ ವೈದ್ಯರಾಗಿದ್ದ ಮೆರೆಲ್ ಹಾರ್ಮೆಲ್ ಆ ಹೊಣೆ ಹೊತ್ತು ಈಥರ್ ಮತ್ತು ಆಮ್ಲಜನಕದ ನೆರವಿನಿಂದ ಮಗುವನ್ನು ಮಲಗಿಸಿದರು. ಲಮಾಂಟರ ಹಿಂಜರಿಕೆಯನ್ನು ಅಳುಕೆಂದು ತಳ್ಳಿಹಾಕಲಾಗದು. ಅಂದು ಲಭ್ಯವಿದ್ದ ತಿಳಿವಳಿಕೆಗೆ ಅದು ಪ್ರಾಮಾಣಿಕ ಉತ್ತರವೇ ಆಗಿತ್ತು. ಮುಂದೆ ಅದೇ ಲಮಾಂಟ್ ಹಾರ್ಮೆಲ್ ಅವರೊಡಗೂಡಿ 1946ರಲ್ಲಿ ಇಂಥ 100 ಶಸ್ತ್ರಕ್ರಿಯೆಗಳ ಅರಿವಳಿಕೆಯ ಅನುಭವವನ್ನು ಪ್ರಕಟಿಸಿದ್ದರಿಂದ, ಒಂದು ಆಸ್ಪತ್ರೆಯ ಕೈಚಳಕವಾಗಿದ್ದುದು ಮೊದಲ ಬಾರಿಗೆ ದೂರದಲ್ಲಿದ್ದವರೂ ಓದಿ ಕಲಿಯಬಹುದಾದ ಪಾಠವಾಯಿತು.

ಈ ಪಾಠದ ತಿರುಳು ರಕ್ತದ ಹರಿವಿನಲ್ಲಿದೆ. ನೀಲಿ ಮಕ್ಕಳಲ್ಲಿ ಅನೇಕರಿಗೆ ಹೃದಯದ ಎರಡು ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿರುತ್ತದೆ, ಶ್ವಾಸಕೋಶಕ್ಕೆ ಹೋಗುವ ದಾರಿಯೂ ಕಿರಿದಾಗಿರುತ್ತದೆ. ಹೀಗಾಗಿ ಆಮ್ಲಜನಕವಿಲ್ಲದ ರಕ್ತದ ಒಂದು ಪಾಲು ಶ್ವಾಸಕೋಶವನ್ನು ತಲುಪದೆ ರಂಧ್ರದ ಮೂಲಕ ನೇರವಾಗಿ ದೇಹಕ್ಕೆ ಹರಿಯುತ್ತದೆ. ಅರಿವಳಿಕೆಯ ಔಷಧವು ದೇಹದ ರಕ್ತನಾಳಗಳನ್ನು ಹಿಗ್ಗಿಸಿಬಿಟ್ಟರೆ ಈ ಅಡ್ಡದಾರಿ ಇನ್ನಷ್ಟು ಸಲೀಸಾಗಿ, ಮಗು ಕ್ಷಣಾರ್ಧದಲ್ಲಿ ಕಪ್ಪಿಡುತ್ತದೆ. ಇದಕ್ಕೆ ವಿರುದ್ಧವಾಗಿ, ರಂಧ್ರ ದೊಡ್ಡದಿದ್ದು ಶ್ವಾಸಕೋಶದ ದಾರಿ ಅಗಲವಾಗಿಯೇ ಇರುವ ಮಗುವಿಗೆ ಯಥೇಚ್ಛವಾಗಿ ಆಮ್ಲಜನಕ ಕೊಟ್ಟರೆ ಶ್ವಾಸಕೋಶದ ನಾಳಗಳು ಸಡಿಲಗೊಂಡು ರಕ್ತವೆಲ್ಲ ಅತ್ತಲೇ ನುಗ್ಗಿ, ಮಿದುಳಿಗೂ ಮೂತ್ರಪಿಂಡಕ್ಕೂ ಸಲ್ಲಬೇಕಾದ ಪಾಲು ತಗ್ಗುತ್ತದೆ. ಒಬ್ಬರಿಗೆ ಪ್ರಾಣವಾಗುವ ಅನಿಲವೇ ಇನ್ನೊಬ್ಬರಿಗೆ ಅಳತೆ ಮೀರಿದರೆ ಅಪಾಯವಾಗುತ್ತದೆಯೆಂಬ ಈ ವಿಷಯವು ವಯಸ್ಕರ ಹೃದಯವನ್ನು ಮಾತ್ರ ಬಲ್ಲವರಿಗಾಗಲಿ, ಆರೋಗ್ಯವಂತ ಮಕ್ಕಳನ್ನು ಮಾತ್ರ ಬಲ್ಲವರಿಗಾಗಲಿ ಸಹಜವಾಗಿ ಒದಗುವಂಥದಲ್ಲ. ತರಬೇತಿಗೆ ಬಂದವರು ಮೊಟ್ಟಮೊದಲು ರೂಢಿಸಿಕೊಳ್ಳಬೇಕಾದ ಕೆಲಸವೂ ಇದೇ ತಿಳಿವಳಿಕೆಯಿಂದ ಹುಟ್ಟಿದ್ದು: ಸಿರಿಂಜು, ಡ್ರಿಪ್ ನಳಿಕೆ, ಅವುಗಳ ಪ್ರತಿಯೊಂದು ಕೀಲನ್ನೂ ಬೆರಳಿನಿಂದ ತಟ್ಟಿ ತಟ್ಟಿ ಗಾಳಿಯ ಗುಳ್ಳೆಗಳನ್ನು ಹೊರಹಾಕುವುದು. ಶ್ವಾಸಕೋಶದಲ್ಲಿ ತಡೆದು ನಿಲ್ಲಬೇಕಿದ್ದ ಗುಳ್ಳೆ ಈ ಮಕ್ಕಳಲ್ಲಿ ರಂಧ್ರ ದಾಟಿ ಮಿದುಳಿಗೇ ಹೋಗಬಲ್ಲದು. ಮೂರು ಕಿಲೋ ತೂಗುವ ಶಿಶುವಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಸುಮಾರು 250 ಮಿಲಿಲೀಟರು, ಅಂದರೆ ಒಂದು ದೊಡ್ಡ ಲೋಟದಷ್ಟು ಮಾತ್ರ. ಹಾಗಾಗಿ ಇಲ್ಲಿ ಪ್ರತಿ ಹನಿಗೂ ಲೆಕ್ಕವಿಡಬೇಕಾಗುತ್ತದೆ.

1950ರ ದಶಕದಲ್ಲಿ ದೇಹವನ್ನು ತಂಪುಗೊಳಿಸುವ ವಿಧಾನವೂ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ತಾತ್ಕಾಲಿಕವಾಗಿ ನಿರ್ವಹಿಸುವ ಯಂತ್ರವೂ ಬಂದವು. ಅದೇ ದಶಕದಲ್ಲಿ, 1954ರಲ್ಲಿ, ಮಿನಿಯಾಪೊಲಿಸ್‌ನ ವಾಲ್ಟನ್ ಲಿಲ್ಲೆಹೈ ಅವರು ಹೆತ್ತವರಲ್ಲೊಬ್ಬರ ರಕ್ತಪರಿಚಲನೆಗೆ ಮಗುವಿನದನ್ನು ಜೋಡಿಸಿ ಹೃದಯವನ್ನು ತೆರೆದಾಗ, ಅರಿವಳಿಕೆಯವರು ಏಕಕಾಲಕ್ಕೆ ಎರಡು ಜೀವಗಳನ್ನು ಕಾಯಬೇಕಾಯಿತು.

ಆದರೆ ಯಂತ್ರಗಳ ಪ್ರಗತಿಯ ಜೊತೆಜೊತೆಗೇ ಒಂದು ದೊಡ್ಡ ಲೋಪವೂ ಸಾಗಿ ಬಂದಿತ್ತು. ನವಜಾತ ಶಿಶುಗಳು ಪ್ರಬಲ ಔಷಧಗಳನ್ನು ತಾಳಲಾರವೆಂಬ ಭಯದಿಂದಲೂ ಅವುಗಳಿಗೆ ನೋವಿನ ಅರಿವು ಕಡಿಮೆಯೆಂಬ ನಂಬಿಕೆಯಿಂದಲೂ, ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧ ಮತ್ತು ನೈಟ್ರಸ್ ಆಕ್ಸೈಡ್ ಇಷ್ಟರಲ್ಲೇ ಎದೆ ತೆರೆಯುವ ಪದ್ಧತಿ 1980ರ ದಶಕದವರೆಗೂ ಹಲವೆಡೆ ನಡೆದಿತ್ತು. ಅಲುಗಾಡಲಾಗದ ಮಗು ಅಳಲೂ ಆಗದೆಂಬುದನ್ನು ನೆನೆದರೆ ಇದರ ಘೋರತೆ ತಿಳಿಯುತ್ತದೆ. ಭಾರತದಲ್ಲಿ ವೈದ್ಯಕೀಯ ಕಲಿತು ಆಕ್ಸ್‌ಫರ್ಡ್‌ಗೆ ಹೋಗಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್ ಮತ್ತು ಅವರ ಸಹೋದ್ಯೋಗಿಗಳು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಗ್ರಾಸ್ ಕಟ್ಟಿದ್ದಂಥದೇ ರಕ್ತನಾಳವನ್ನು ಕಟ್ಟುವಾಗ ಫೆಂಟನಿಲ್ ಎಂಬ ನೋವುನಿವಾರಕವನ್ನು ಕೆಲವರಿಗೆ ಸೇರಿಸಿ ಕೊಟ್ಟು, ಅದು ಸಿಗದ ಶಿಶುಗಳ ದೇಹವು ಹೆಚ್ಚು ತೀವ್ರವಾದ ಆಘಾತಕ್ಕೆ ಒಳಗಾಗುತ್ತದೆಂದು 1987ರಲ್ಲಿ ತೋರಿಸಿದರು. 1992ರಲ್ಲಿ ಆನಂದ್ ಮತ್ತು ಬಾಸ್ಟನ್ನಿನ ಪಾಲ್ ಹಿಕಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಶಸ್ತ್ರಕ್ರಿಯೆಗೆ ಒಳಗಾದ ನವಜಾತರ ಪೈಕಿ ಆಳವಾದ ಅರಿವಳಿಕೆ ಪಡೆದ 30 ಶಿಶುಗಳಲ್ಲಿ ಒಂದೂ ಸಾಯಲಿಲ್ಲ, ಹಗುರ ಅರಿವಳಿಕೆ ಪಡೆದ 15ರಲ್ಲಿ ನಾಲ್ಕು ಸತ್ತವು. ನೋವು ನೀಗುವುದು ಕರುಣೆಯ ಕೆಲಸ ಮಾತ್ರವಲ್ಲ, ಮಗುವಿನ ಉಳಿವಿಗೂ ಸಂಬಂಧಿಸಿದ್ದೆಂಬ ಮಾತು ಆ ಬಳಿಕ ಪಠ್ಯದ ಭಾಗವಾಯಿತು.

ಅಮೆರಿಕದಲ್ಲಿ ಈ ಕ್ಷೇತ್ರದವರ ಸಂಘ ಕಟ್ಟಿಕೊಂಡದ್ದು 2005ರಲ್ಲಿ. ತರಬೇತಿಯಲ್ಲಿ ಏನೇನು ಇರಬೇಕೆಂಬ ಪ್ರಸ್ತಾವ ಪ್ರಕಟವಾದದ್ದು 2010ರಲ್ಲಿ. ಭಾರತದಲ್ಲಿ ದೆಹಲಿಯ ಏಮ್ಸ್, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಗಳಂಥ ಕಡೆ ಹೃದಯ ಅರಿವಳಿಕೆಯಲ್ಲಿ ಮೂರು ವರ್ಷಗಳ ಡಿ.ಎಂ. ಪದವಿಯಿದ್ದು, ವಯಸ್ಕರ ಮತ್ತು ಮಕ್ಕಳ ಅರಿವಳಿಕೆಗಳೆರಡನ್ನೂ ಒಂದೇ ಪಠ್ಯಕ್ರಮದಲ್ಲಿ ಕಲಿಯಬೇಕಾಗುತ್ತದೆ; ಬೆಂಗಳೂರಿನ ಜಯದೇವ ಸಂಸ್ಥೆ, ನಾರಾಯಣ ಹೃದಯಾಲಯಗಳಲ್ಲಿ ಮಕ್ಕಳ ಹೃದಯ ಶಸ್ತ್ರಕ್ರಿಯೆಗಳು ದೊಡ್ಡ ಪ್ರಮಾಣದಲ್ಲಿ ನಡೆಯುತ್ತವೆ. ಆದರೆ ತರಬೇತಿಯ ಅಗತ್ಯವು ಇಂಥ ಕೇಂದ್ರಗಳಿಗಷ್ಟೇ ಸೀಮಿತವಲ್ಲವೆಂಬುದನ್ನು ಅದೇ 2010ರಲ್ಲಿ ಚಂದ್ರಾ ರಾಮಮೂರ್ತಿ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ದಾಖಲೆಗಳು ಹೇಳುತ್ತವೆ. ಅರಿವಳಿಕೆಯ ವೇಳೆ ಹೃದಯ ನಿಂತುಹೋದ ಮಕ್ಕಳಲ್ಲಿ ಶೇಕಡ 34ರಷ್ಟು ಮಂದಿ ಹೃದ್ರೋಗ ಇದ್ದವರು, ಅವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹಾಗಾದದ್ದು ಹೃದಯದ ಶಸ್ತ್ರಕೊಠಡಿಯಲ್ಲಲ್ಲ, ಸಾಮಾನ್ಯ ಶಸ್ತ್ರಕೊಠಡಿಯಲ್ಲಿ. ಹೃದಯದ ಚಿಕಿತ್ಸೆಯಿಂದ ಬದುಕಿ ಬೆಳೆಯುವ ಮಗು ಮುಂದೊಮ್ಮೆ ಹಲ್ಲಿನ ಚಿಕಿತ್ಸೆಗೋ ಹರ್ನಿಯಾಕ್ಕೋ ತನ್ನ ಊರಿಗೆ ಹತ್ತಿರದ ಆಸ್ಪತ್ರೆಗೇ ಬರುತ್ತದೆ, ಆಗ ಅದರ ರಕ್ತ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆಂಬುದನ್ನು ಬಲ್ಲ ಅರಿವಳಿಕೆ ವೈದ್ಯರು ಅಲ್ಲಿಯೂ ಇರಬೇಕಾಗುತ್ತದೆ.